ಹತ್ತು ಜನರ ಮಿಲ್ಲಿನಲ್ಲಿ ಯಾರ ಮಾತು ಯಾರು ಕೇಳಬೇಕು? ಸಣ್ಣ ವ್ಯಾಪಾರದ ಮ್ಯಾನೇಜ್‌ಮೆಂಟ್

ಸೀಸನ್‌ನಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಲಬುರಗಿಯ ಕಪನೂರು ಕಡೆ ಯಾವುದಾದರೂ ಸಣ್ಣ ಬೇಳೆ ಮಿಲ್ಲಿನ ಅಂಗಳದಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ಗಂಜ್‌ನಿಂದ (ಎಪಿಎಂಸಿ ಮಾರುಕಟ್ಟೆಯಿಂದ) ತೊಗರಿ ತುಂಬಿಕೊಂಡು ಲಾರಿ ಬಂದಿರುತ್ತದೆ. ಮಾಲಕರ ಮಗ ಹಮಾಲರಿಗೆ "ಇಳಸ್ರಿ" ಅನ್ನುತ್ತಾನೆ. ಗಾದಿ ಮೇಲೆ ಕೂತ ಕಾಕಾ ಅಲ್ಲಿಂದಲೇ ಕೂಗುತ್ತಾರೆ, "ತಡ್ರಿ ತಡ್ರಿ, ಮೊದ್ಲು ಹೈದರಾಬಾದ್ ಗಾಡಿ ತುಂಬ್ರಿ." ಅಷ್ಟೊತ್ತಿಗೆ ಮಾಲಕರ ಫೋನು: "ನಾ ಬರೋತನಕ ಆ ಮಾಲಿಗಿ ಯಾರೂ ಕೈ ಹಚ್ಚಬ್ಯಾಡ್ರಿ." ಹಮಾಲರು ನೆರಳಿಗೆ ಹೋಗಿ ಕೂರುತ್ತಾರೆ. ಮಧ್ಯಾಹ್ನ ಮಾಲಕರು ಬಂದು ನೋಡಿ, ಇವರೆಲ್ಲಾ ಮೈಗಳ್ಳರು ಅಂತ ಬೈಯುತ್ತಾರೆ.

ಮೈಗಳ್ಳತನ ಅಲ್ಲ ಅದು. ಮೂರು ಜನ ಮೂರು ಮಾತು ಹೇಳಿದರೆ ಕೂಲಿ ಮಾಡುವವನಿಗೆ ಎಲ್ಲಕ್ಕಿಂತ ಸುರಕ್ಷಿತ ಕೆಲಸ ಅಂದರೆ ಏನೂ ಮಾಡದೆ ಕೂರುವುದು. ಯಾರ ಮಾತು ಕೇಳಿದರೂ ಇನ್ನಿಬ್ಬರ ಹತ್ತಿರ ಬೈಸಿಕೊಳ್ಳಬೇಕು, ಅಲ್ವಾ?

ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಮಿಲ್ಲು, ಕಿರಾಣಿ ಹೋಲ್‌ಸೇಲು, ಖಾನಾವಳಿ, ಕೋಚಿಂಗ್ ಸೆಂಟರು, ಎಲ್ಲಾ ಕಡೆ ಕಾಗದಪತ್ರ ನೋಡುತ್ತೇನೆ. ನನಗೆ ಅನ್ನಿಸುವುದು ಇಷ್ಟೇ: ನಮ್ಮ ಕಡೆ ವ್ಯಾಪಾರ ಮುಗ್ಗರಿಸುವುದು ಗಿರಾಕಿ ಇಲ್ಲದೆ ಅಲ್ಲ, ಜನ ಕೆಟ್ಟವರಾಗಿಯೂ ಅಲ್ಲ. ಯಾರು ಯಾರಿಗೆ ಉತ್ತರ ಹೇಳಬೇಕು ಅನ್ನುವುದು ಎಲ್ಲೂ ಬರೆದಿರುವುದಿಲ್ಲ. ಅದೊಂದನ್ನು ಸರಿ ಮಾಡಿದರೆ ಕಳ್ಳತನ, ಜಗಳ, ಗೈರುಹಾಜರಿ ಅರ್ಧಕ್ಕರ್ಧ ತಾನಾಗಿಯೇ ಇಳಿಯುತ್ತದೆ. ಇದು ಎಂಟು ಜನರಿಂದ ಇಪ್ಪತ್ತು ಇಪ್ಪತ್ತೈದು ಜನ ಇರುವ ಕಡೆಗೆ ಬರೆದದ್ದು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಂಥ ದೊಡ್ಡ ಜಾಗಕ್ಕೆ ಇದು ಸಾಲುವುದಿಲ್ಲ, ಅಲ್ಲಿ ಎಚ್‌ಆರ್ ಅಂತ ಬೇರೆ ಬಿಲ್ಡಿಂಗೇ ಇರುತ್ತದೆ.

ಒಬ್ಬ ಕೆಲಸಗಾರನಿಗೆ ಒಬ್ಬರೇ ಹೇಳುವವರು

ಪಿಯುಸಿಯಲ್ಲಿ ಕಾಮರ್ಸ್ ಓದಿದವರಿಗೆ ಹೆನ್ರಿ ಫಯೋಲ್ ಹೆಸರು ನೆನಪಿರಬಹುದು. 14 ತತ್ವ, ಬಾಯಿಪಾಠ, ಪರೀಕ್ಷೆ, ಆಮೇಲೆ ಮರೆವು. ಆತ ಪ್ರೊಫೆಸರ್ ಅಲ್ಲ. ಫ್ರಾನ್ಸಿನ ಗಣಿ ಎಂಜಿನಿಯರ್. 1888ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಒಂದು ಕಲ್ಲಿದ್ದಲು-ಕಬ್ಬಿಣದ ಕಂಪನಿಯ ಹೊಣೆ ಹೊತ್ತು 1918ರವರೆಗೆ ನಡೆಸಿದ. ಅಲ್ಲಿ ಕಂಡದ್ದನ್ನು 1916ರಲ್ಲಿ ಬರೆದ. ಅಂದರೆ ಅದು ಧೂಳು ತಿಂದವನ ಮಾತು, ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಅವನ 14ರಲ್ಲಿ ಸಣ್ಣ ವ್ಯಾಪಾರಕ್ಕೆ ಎಲ್ಲಾ ಬೇಡ. ನಾಲ್ಕೈದು ಸಾಕು. ಮೊದಲನೆಯದು ಇದು: ಒಬ್ಬನಿಗೆ ಕೆಲಸ ಹೇಳುವವರು ಒಬ್ಬರೇ ಇರಬೇಕು. ಎರಡನೆಯದು, ಹೊಣೆ ಕೊಟ್ಟರೆ ಅಷ್ಟೇ ಅಧಿಕಾರವನ್ನೂ ಕೊಡಬೇಕು.

ಹೇಗೆ ಮಾಡುವುದು? ಒಂದು ಹಾಳೆ ತಗೊಳ್ಳಿ. ಮೊದಲು ಜನರ ಹೆಸರು ಬರೆಯಬೇಡಿ, ಕೆಲಸಗಳನ್ನು ಬರೆಯಿರಿ. ಮಿಲ್ಲಾದರೆ ತೊಗರಿ ಖರೀದಿ, ಕಾಟಾ (ತೂಕ), ಇಳಿಸುವುದು ತುಂಬುವುದು, ಮಷಿನ್, ಪ್ಯಾಕಿಂಗ್, ಗೋದಾಮು, ಮಾರಾಟ, ಉದ್ರಿ ವಸೂಲಿ, ನಗದು, ಲೆಕ್ಕ, ಹಾಜರಿ, ಪಗಾರ. ಖಾನಾವಳಿಯಾದರೆ ಸಂತೆ, ಅಡುಗೆ, ರೊಟ್ಟಿ, ಬಡಿಸುವುದು, ಗಲ್ಲಾ, ಸ್ವಚ್ಛತೆ. ಆಮೇಲೆ ಪ್ರತಿಯೊಂದರ ಮುಂದೆ ಒಂದೇ ಒಂದು ಹೆಸರು ಬರೆಯಿರಿ. ಒಬ್ಬರ ಹೆಸರು ಎರಡು ಮೂರು ಕಡೆ ಬಂದರೆ ಪರವಾಗಿಲ್ಲ. ಆದರೆ ಒಂದು ಕೆಲಸದ ಮುಂದೆ ಎರಡು ಹೆಸರು ಬೇಡ. "ಇಬ್ಬರೂ ನೋಡಿಕೊಳ್ತಾರೆ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ ಅಂತಲೇ ಅರ್ಥ.

ಬರೆದು ಮುಗಿಸಿದ ಮೇಲೆ ನೋಡಿ, ನಿಮ್ಮದೇ ಹೆಸರು ಎಷ್ಟು ಕಡೆ ಬಂದಿದೆ ಅಂತ. ಅರ್ಧಕ್ಕಿಂತ ಜಾಸ್ತಿ ಬಂದಿದ್ದರೆ, ನೀವು ಒಂದು ಮದುವೆಗೆ ಹೋದ ದಿನ ಮಿಲ್ಲು ನಿಲ್ಲುತ್ತದೆ. ಒಂದೊಂದಾಗಿ ಬಿಟ್ಟುಕೊಡಬೇಕು. ಮೊದಲು ಹಾಜರಿ, ಆಮೇಲೆ ಲೋಡಿಂಗ್, ಆಮೇಲೆ ಪ್ಯಾಕಿಂಗ್. ಉದ್ರಿಯ ಮಿತಿ, ಜನರನ್ನು ತಗೊಳ್ಳುವುದು ತೆಗೆಯುವುದು ಕೊನೆವರೆಗೂ ನಿಮ್ಮ ಹತ್ತಿರವೇ ಇರಲಿ.

ಕೊಡುವಾಗ ಅರ್ಧ ಕೊಡಬೇಡಿ. ಫೋರ್‌ಮನ್ ಅಂತ ಹೆಸರು ಕೊಟ್ಟು, 300 ರೂಪಾಯಿಯ ಬೆಲ್ಟ್ ತರಲಿಕ್ಕೂ ನಿಮಗೆ ಫೋನ್ ಮಾಡಬೇಕು ಅಂದರೆ ಅವನು ಫೋರ್‌ಮನ್ ಅಲ್ಲ, ನಿಮ್ಮ ಸುದ್ದಿಗಾರ. ಒಂದು ಮೊತ್ತ ಗೊತ್ತು ಮಾಡಿ. 3,000 ಅಂತಲೋ 5,000 ಅಂತಲೋ, ನಿಮ್ಮ ವ್ಯಾಪಾರಕ್ಕೆ ತಕ್ಕ ಹಾಗೆ. ಅಷ್ಟರೊಳಗೆ ಕೇಳದೆ ಖರ್ಚು ಮಾಡಲಿ, ಬಿಲ್ ತಂದು ಕೊಡಲಿ, ಸಂಜೆ ಹೇಳಲಿ. ಒಂದೆರಡು ಸಲ ಜಾಸ್ತಿ ರೊಕ್ಕ ಕೊಟ್ಟು ತರುತ್ತಾನೆ. ತರಲಿ. ಮಷಿನ್ ಅರ್ಧ ದಿನ ನಿಂತರೆ ಆಗುವ ಲುಕ್ಸಾನು ಅದಕ್ಕಿಂತ ದೊಡ್ಡದು.

ಇನ್ನೊಂದು ವಿಷಯ. ಮೇಲೆ ಕೆಳಗೆ ಅಂತ ಸಾಲು ಮಾಡಿದ ಕೂಡಲೇ ಕೆಲವರು ಅದನ್ನು ಸರ್ಕಾರಿ ಕಚೇರಿ ಮಾಡಿಬಿಡುತ್ತಾರೆ. ಪ್ಯಾಕಿಂಗಿನವನು ಚೀಲ ಕಮ್ಮಿ ಬಿತ್ತು ಅಂತ ಗೋದಾಮಿನವನಿಗೆ ಹೇಳಲು ಫೋರ್‌ಮನ್, ಮುನೀಮ (ಲೆಕ್ಕ ಬರೆಯುವವರು), ಮಾಲಕ ಅಂತ ಸುತ್ತು ಹೊಡೆಯಬೇಕಾಗುತ್ತದೆ. ಫಯೋಲ್ ಇದಕ್ಕೂ ದಾರಿ ಇಟ್ಟಿದ್ದ. ಒಂದೇ ಮಟ್ಟದ ಇಬ್ಬರು, ಅವರ ಮೇಲಿನವರಿಗೆ ಗೊತ್ತಿದ್ದರೆ, ನೇರ ಮಾತಾಡಿಕೊಂಡು ಕೆಲಸ ಮುಗಿಸಬಹುದು. ನಿಯಮ ಇಷ್ಟೇ: ಕೇಳುವುದು ನೇರ, ತಿಳಿಸುವುದು ಮೇಲಕ್ಕೆ.

ಮ್ಯಾಟ್ರಿಕ್ಸು, ಡಿವಿಜನಲ್ಲು ಅಂತೆಲ್ಲಾ ಪುಸ್ತಕದಲ್ಲಿ ಇರುವ ರಚನೆಗಳು ಇಪ್ಪತ್ತು ಜನರಿಗೆ ಬೇಡ. ಮಾಲಕ, ಅವರ ಕೆಳಗೆ ಮೂರು ಜನ (ಖರೀದಿ-ಮಾರಾಟ, ಅಂಗಳ-ಮಷಿನ್, ಲೆಕ್ಕ-ನಗದು), ಅವರ ಕೆಳಗೆ ಉಳಿದವರು. ಮುಗೀತು.

ಕಾಕಾ ಏನು ಮಾಡಬೇಕು?

ಇದನ್ನು ಯಾವ ಮ್ಯಾನೇಜ್‌ಮೆಂಟ್ ಪುಸ್ತಕವೂ ಬರೆಯುವುದಿಲ್ಲ, ಆದರೆ ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ತಲೆನೋವು ಇದೇ. ವ್ಯಾಪಾರ ಮನೆಯದು. ಕಾಕಾ ಮೂವತ್ತು ವರ್ಷದಿಂದ ಗಾದಿ ಮೇಲೆ ಕೂತಿದ್ದಾರೆ. ಎಂಬಿಎ ಮಾಡಿ ಬಂದ ಹುಡುಗ ಬಂದು "ಇನ್ನು ಮೇಲೆ ನೀವು ಹಮಾಲರಿಗೆ ಹೇಳಬೇಡಿ" ಅಂದರೆ ಅಂದು ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ.

ಕಾಕಾ ಅವರನ್ನು ಬದಿಗೆ ಸರಿಸಬೇಡಿ, ಅವರಿಗೆ ಒಂದು ಪೂರಾ ಖಾತೆ ಕೊಡಿ. ತೊಗರಿ ಕಾಳನ್ನು ಹಲ್ಲಿನಡಿ ಕಚ್ಚಿ ಒಣಗಿದೆಯೋ ಇಲ್ಲವೋ ಹೇಳುವವರು ಅವರು. ತೇವಾಂಶ ಅಳೆಯುವ ಮಷಿನ್ ಇದ್ದರೂ ಗಂಜ್‌ನಲ್ಲಿ ಅಡತಿಯವರ (ಕಮಿಷನ್ ಏಜೆಂಟರ) ಜೊತೆ ಮಾತಾಡಿ ರೇಟು ಇಳಿಸುವುದು ಮಷಿನ್ ಕೆಲಸ ಅಲ್ಲ. ಹಾಗಾಗಿ ಖರೀದಿ ಪೂರ್ತಿ ಅವರದು. ಹೇಳುವ ರೀತಿ ಹೀಗಿರಲಿ: "ಕಾಕಾ, ಖರೀದಿ ಎಲ್ಲಾ ನಿಮ್ಮ ಕೈಯಾಗ. ನಾನೂ ನಡುವ ಬರಂಗಿಲ್ಲ. ಅಂಗಳದಾಗ ಏನರ ಕಂಡ್ರ ಫೋರ್‌ಮನ್‌ಗ ಹೇಳ್ರಿ, ಅವ ಹಮಾಲರಿಗಿ ಹೇಳ್ತಾನ." ಮತ್ತೆ ನಿಜವಾಗಲೂ ನಡುವೆ ಹೋಗಬೇಡಿ. ಅಲ್ಲೇ ಹೆಚ್ಚಿನ ಹುಡುಗರು ಸೋಲುವುದು. ಕಾಕಾ ಕೊಟ್ಟ ಮಾತನ್ನು ಫೋನಿನಲ್ಲಿ ತಿರುಗಿಸುತ್ತಾರೆ, ಅಡತಿಯವರು ನಾಳೆಯಿಂದ ಇಬ್ಬರ ಹತ್ತಿರವೂ ಬೇರೆ ಬೇರೆ ರೇಟು ಹೇಳಲು ಶುರು ಮಾಡುತ್ತಾರೆ.

ಅಕ್ಕನ ಮಗ, ಅತ್ತೆ ಮಗ ಅಂತ ಕೆಲಸಕ್ಕೆ ಬಂದವರಿಗೂ ಹಾಳೆಯ ಮೇಲೆ ಒಂದು ಜಾಗ ಇರಲಿ, ಪಗಾರ ಪುಸ್ತಕದಲ್ಲಿ ಹೆಸರು ಇರಲಿ. "ನಮ್ಮವನೇ, ಖರ್ಚಿಗೆ ಕೊಡ್ತೀವಿ" ಅನ್ನುವವನು ನಾಳೆ ಗಲ್ಲಾಕ್ಕೆ ಕೈ ಹಾಕಿದರೆ ಅವನನ್ನು ಬೈಯಲಿಕ್ಕೂ ನಿಮಗೆ ಬಾಯಿ ಇರುವುದಿಲ್ಲ.

ಬೀದರ್‌ನ ವಜೀರ ಮಾಡಿದ್ದು, ಅವನಿಗೆ ಆಗಿದ್ದು

ಬೀದರ್‌ಗೆ ಹೋದವರೆಲ್ಲಾ ಮಹಮೂದ್ ಗವಾನನ ಮದರಸಾದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು 1472ರದ್ದು. ಆದರೆ ಅವನು ಕಟ್ಟಿದ್ದು ಅದೊಂದೇ ಅಲ್ಲ. ಮೂಲತಃ ಪರ್ಷಿಯಾದಿಂದ ಬಂದ ವ್ಯಾಪಾರಿ, ಬಹಮನಿ ರಾಜ್ಯದ ವಜೀರನಾದ. ಆಗ ರಾಜ್ಯದಲ್ಲಿ ನಾಲ್ಕು ದೊಡ್ಡ ಪ್ರಾಂತ್ಯಗಳು, ಪ್ರತಿ ಪ್ರಾಂತ್ಯದ ತರಫ್‌ದಾರ ತನ್ನ ಸೀಮೆಯಲ್ಲಿ ತಾನೇ ರಾಜ. ಗವಾನ್ ನಾಲ್ಕನ್ನು ಎಂಟು ಮಾಡಿದ. ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ, ಉಳಿದ ಕೋಟೆಗಳಿಗೆ ನೇರವಾಗಿ ಸುಲ್ತಾನ ನೇಮಿಸಿದವರು. ಸೈನಿಕರ ಲೆಕ್ಕ ತೋರಿಸಿ ರೊಕ್ಕ ತಗೊಂಡು ಜನರನ್ನು ಇಡದೆ ಇದ್ದರೆ ಅಷ್ಟು ಮೊತ್ತ ಕಡಿತ.

ನಮ್ಮ ಮಿಲ್ಲಿಗೆ ಇದನ್ನೇ ಇಳಿಸಿ ನೋಡಿ. ಖರೀದಿ ಮಾಡುವವರೇ ತೂಕ ಹಾಕಬಾರದು. ತೂಕ ಹಾಕುವವರೇ ರೊಕ್ಕ ಕೊಡಬಾರದು. ರೊಕ್ಕ ಕೊಡುವವರೇ ಲೆಕ್ಕ ಬರೆಯಬಾರದು. ಜನ ಕಮ್ಮಿ ಇದ್ದರೆ ಕೊನೆಪಕ್ಷ ಕಾಟಾ ಚೀಟಿ ಒಬ್ಬರ ಕೈಯಿಂದ, ಪೇಮೆಂಟ್ ಇನ್ನೊಬ್ಬರ ಕೈಯಿಂದ ಆಗಲಿ. ಯಾರ ಮೇಲೂ ಸಂಶಯ ಪಡಬೇಕಾಗಿಲ್ಲ. ಒಬ್ಬನೇ ಎಲ್ಲಾ ಮಾಡಿದರೆ, ಅವನು ಪ್ರಾಮಾಣಿಕನಾಗಿದ್ದರೂ ನಾಳೆ ಲೆಕ್ಕ ತಪ್ಪಿದ ದಿನ ಅವನು ನಿರಪರಾಧಿ ಅಂತ ತೋರಿಸಲು ದಾರಿಯೇ ಇರುವುದಿಲ್ಲ.

ಮುನೀಮರಿಗೂ ಇದನ್ನು ಹೀಗೇ ಹೇಳಿ. "ನಿಮ್ಮ ಮೇಲೆ ನಂಬಿಕೆ ಇಲ್ಲ" ಅಂತ ಕೇಳಿಸಿದರೆ ಹಳಬರು ಮುನಿಸಿಕೊಳ್ಳುತ್ತಾರೆ. ಲೆಕ್ಕ ಎರಡು ಕೈ ದಾಟಿದರೆ ನಿಮ್ಮ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ ಅಂದರೆ ಒಪ್ಪುತ್ತಾರೆ.

ಗವಾನನ ಕಥೆ ಮುಂದೆ ಕಹಿ. ಅಧಿಕಾರ ಕಳೆದುಕೊಂಡವರು ಸುಮ್ನಿರಲಿಲ್ಲ. ಅವನ ಮೊಹರು ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿದರು. ಮೇಲೆ ಒರಿಸ್ಸಾದ ರಾಜನಿಗೆ ಬರೆದ ಹಾಗೆ ದ್ರೋಹದ ಪತ್ರ ತುಂಬಿದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಪತ್ರ ನೋಡಿದ, ವಿಚಾರಣೆ ಮಾಡಲಿಲ್ಲ, 1481ರಲ್ಲಿ ಎಪ್ಪತ್ತು ದಾಟಿದ ವಜೀರನ ತಲೆ ತೆಗೆಸಿದ. ಮುಂದಿನ ವರ್ಷ ಸುಲ್ತಾನನೂ ಸತ್ತ. ಕೆಲವೇ ವರ್ಷಗಳಲ್ಲಿ ರಾಜ್ಯ ಒಡೆಯತೊಡಗಿತು.

ಈ ಖಾಲಿ ಕಾಗದ ಇವತ್ತಿಗೂ ನಮ್ಮ ಗಲ್ಲಾ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಊರಿಗೆ ಹೋಗುವಾಗ ಸಹಿ ಮಾಡಿ ಬಿಟ್ಟುಹೋದ ಐದಾರು ಖಾಲಿ ಚೆಕ್ಕು. ಮುನೀಮನ ಮೊಬೈಲಿಗೆ ಹೋಗುವ ಬ್ಯಾಂಕಿನ ಒಟಿಪಿ. ಎಲ್ಲರಿಗೂ ಗೊತ್ತಿರುವ ಜಿಎಸ್‌ಟಿ ಪಾಸ್‌ವರ್ಡು. ಕೌಂಟರಿನಲ್ಲಿ ಅಂಟಿಸಿದ ಕ್ಯೂಆರ್ ಕೋಡು ಯಾರ ಖಾತೆಗೆ ಹೋಗುತ್ತದೆ ಅಂತ ನೀವು ಕೊನೆ ಸಲ ನೋಡಿದ್ದು ಯಾವಾಗ? ಇವತ್ತೇ ನಿಮ್ಮ ಫೋನಿನಿಂದ ಒಂದು ರೂಪಾಯಿ ಹಾಕಿ ನೋಡಿ, ಯಾರ ಹೆಸರು ಬರುತ್ತದೆ ಅಂತ. ಚೆಕ್ಕುಗಳನ್ನು ಹರಿದು ಹಾಕಿ. ಒಟಿಪಿ ನಿಮ್ಮದೇ ನಂಬರಿಗೆ ಬರಲಿ. ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಹಾಕಿ ಇನ್ನೊಬ್ಬರು ಒಪ್ಪಿಗೆ ಕೊಡುವ ವ್ಯವಸ್ಥೆ ಇರುತ್ತದೆ, ಕೇಳಿ ಮಾಡಿಸಿಕೊಳ್ಳಿ.

ಯಾರ ಮೇಲಾದರೂ ದೂರು ಬಂದರೆ, ಅದು ಫೋಟೋ ಸಮೇತ ಬಂದರೂ, ಅಂದೇ ಕೆಲಸದಿಂದ ತೆಗೆಯಬೇಡಿ. ದೂರು ಏನು ಅಂತ ಅವನಿಗೆ ಹೇಳಿ. ಅವನ ಮಾತು ಬರೆದುಕೊಳ್ಳಿ. ದೂರು ತಂದವನಿಗೂ ಅವನಿಗೂ ಮೊದಲೇನಾದರೂ ಜಗಳ ಇತ್ತೇ ಅಂತ ವಿಚಾರಿಸಿ. ಎರಡು ದಿನ ಹಿಡಿಯುತ್ತದೆ, ಅಷ್ಟೇ.

ದಿನದ ಲೆಕ್ಕ ದಿನವೇ

ಪ್ಲಾನಿಂಗು, ಕಂಟ್ರೋಲಿಂಗು ಅಂದರೆ ದೊಡ್ಡ ಮಾತು ಅನ್ನಿಸುತ್ತದೆ. ಬೇಳೆ ಮಿಲ್ಲಿನಲ್ಲಿ ಕಂಟ್ರೋಲ್ ಅಂದರೆ ಒಂದು ರಿಜಿಸ್ಟರು. ಒಂದು ಕ್ವಿಂಟಾಲ್ ತೊಗರಿಗೆ ಸಾಮಾನ್ಯವಾಗಿ 70ರಿಂದ 75 ಕೆ.ಜಿ. ಬೇಳೆ ಬರುತ್ತದೆ. ಉಳಿದದ್ದು ಚುನ್ನಿ (ಬೇಳೆಯ ಪುಡಿ), ಹೊಟ್ಟು, ನುಚ್ಚು, ಒಂದಿಷ್ಟು ತೇವಾಂಶದ ಕಡಿತ. ಸಂಜೆ ಮಷಿನ್ ನಿಲ್ಲಿಸಿದ ಮೇಲೆ ಎಷ್ಟು ಹಾಕಿದ್ದು, ಬೇಳೆ ಎಷ್ಟು, ಚುನ್ನಿ ಎಷ್ಟು, ಹೊಟ್ಟು ಎಷ್ಟು ಅಂತ ನಾಲ್ಕು ಅಂಕಿ ಬರೆದು ಫೋರ್‌ಮನ್ ಸಹಿ ಮಾಡಬೇಕು. ಒಂದು ದಿನ 68 ಬಂದರೆ ಗಾಬರಿ ಬೇಡ, ಕಾಳು ಸಣ್ಣದಿರಬಹುದು, ಎಣ್ಣೆ-ನೀರು ಹಾಕಿ ಒಣಗಿಸಿದ್ದು ಸರಿಯಾಗದೆ ಇರಬಹುದು. ಆದರೆ ಒಂದೇ ಪಾಳಿಯಲ್ಲಿ ಮಾತ್ರ ಮತ್ತೆ ಮತ್ತೆ ಕಮ್ಮಿ ಬಂದರೆ ಅಲ್ಲಿ ಹೋಗಿ ನಿಲ್ಲಬೇಕು.

ಚುನ್ನಿಯ ಲೆಕ್ಕವನ್ನು ಬಹಳ ಜನ ಬರೆಯುವುದೇ ಇಲ್ಲ. ದನದ ಮೇವು ತಾನೆ ಅಂತ ಬಿಡುತ್ತಾರೆ. ಲೆಕ್ಕ ಇಲ್ಲದ ಮಾಲಿಗೆ ಕಾಲು ಬೇಗ ಬರುತ್ತದೆ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ, ನೆಲದ ಮೇಲೆ ಚೆಲ್ಲಿದ ಕಾಳು ಯಾರದು? ಇಳಿಸುವಾಗ ಚೆಲ್ಲಿದ್ದನ್ನು ಗುಡಿಸಿ ಒಯ್ಯುವ ಹೆಣ್ಣುಮಕ್ಕಳು ಇರುತ್ತಾರೆ. ಕೆಲವು ಕಡೆ ಅದು ಅವರಿಗೇ ಅಂತ ಪದ್ಧತಿ. ಒಳ್ಳೆಯದೇ. ಆದರೆ ಚೆಲ್ಲಿದ್ದು ತಮ್ಮವರಿಗೇ ಸಿಗುತ್ತದೆ ಅಂತಾದರೆ ಚೀಲದ ಹೊಲಿಗೆ ಸ್ವಲ್ಪ ಜಾಸ್ತಿಯೇ ಬಿಚ್ಚಿಕೊಳ್ಳುತ್ತದೆ. ಆಯ್ದಕ್ಕಿ ಮಾರಯ್ಯನ ಕಥೆ ಗೊತ್ತಲ್ವಾ? ಕಲ್ಯಾಣದಲ್ಲಿ, ಅಂದರೆ ಇವತ್ತಿನ ನಮ್ಮ ಬಸವಕಲ್ಯಾಣದಲ್ಲಿ, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ದಿನದಕ್ಕಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ, ಜಾಸ್ತಿಯಾದದ್ದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಆದರೆ ಎಲ್ಲರೂ ಲಕ್ಕಮ್ಮ ಆಗಲಿ ಅಂತ ಕಾಯುತ್ತಾ ಕೂತರೆ ವ್ಯಾಪಾರ ನಡೆಯುವುದಿಲ್ಲ. ಗುಡಿಸಿದ ಕಾಳನ್ನು ತೂಕ ಮಾಡಿ ಬರೆದುಕೊಳ್ಳಿ, ಗುಡಿಸುವವರಿಗೆ ಅದರ ಬದಲಿಗೆ ಸರಿಯಾದ ಕೂಲಿ ಕೊಡಿ. ಕೂಲಿ ಕಮ್ಮಿ ಕೊಟ್ಟು "ಚೆಲ್ಲಿದ್ದು ತಗೊಳ್ಳಿ" ಅನ್ನುವುದರಲ್ಲೇ ತಪ್ಪು ಶುರುವಾಗುವುದು.

ನೀತಿ ಅಂದರೆ ಮೊದಲು ಮಾಲಕರದು

ಗೋಡೆ ಮೇಲೆ "ಪ್ರಾಮಾಣಿಕತೆ" ಅಂತ ಬೋರ್ಡ್ ಹಾಕುವುದು ಸುಲಭ. ಕೆಲಸದವರು ಬೋರ್ಡ್ ಓದುವುದಿಲ್ಲ, ನಿಮ್ಮನ್ನು ಓದುತ್ತಾರೆ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು. ಇಲ್ಲಿನ ಮಣ್ಣಿನಲ್ಲಿ ಬೆಳೆದದ್ದಕ್ಕೆ ಆ ಹೆಸರು. ಮೊಜಾಂಬಿಕ್‌ನಿಂದಲೋ ಮ್ಯಾನ್ಮಾರ್‌ನಿಂದಲೋ ಬಂದ ತೊಗರಿ ಒಡೆದು ಅದೇ ಹೆಸರಿನ ಚೀಲಕ್ಕೆ ತುಂಬಿಸಿದರೆ ಅದು ಮೋಸ, ಕಾನೂನಿನಲ್ಲೂ ಅಪರಾಧ. ಆ ಗುರುತು ಹಾಕಲು ಅಧಿಕೃತ ಬಳಕೆದಾರ ಅಂತ ನೋಂದಣಿ ಆಗಿರಬೇಕು. ಹೊರಗಿನ ಮಾಲು ಒಡೆಯುವುದು ತಪ್ಪಲ್ಲ, ಎಲ್ಲರೂ ಮಾಡುತ್ತಾರೆ, ಚೀಲದ ಮೇಲೆ ಸುಳ್ಳು ಬರೆಯುವುದು ತಪ್ಪು. ಪ್ಯಾಕಿಂಗಿನ ಹುಡುಗನ ಕೈಯಿಂದ ನೀವೇ ಆ ಸುಳ್ಳು ಮಾಡಿಸಿದರೆ, ನಾಳೆ ಅವನು ನಿಮಗೆ ಸುಳ್ಳು ಹೇಳಿದ ದಿನ ಯಾವ ಮುಖದಿಂದ ಕೇಳುತ್ತೀರಿ? ಬಣ್ಣ ಹಾಕುವುದು, ಕೇಸರಿ ಬೇಳೆ ಬೆರೆಸುವುದು, ಕಾಟಾದಲ್ಲಿ ಕೈಚಳಕ, ಎಲ್ಲಾ ಇದೇ ಲೆಕ್ಕ. ರೈತರಿಗೆ ತೂಕದಲ್ಲಿ ಮೋಸ ಮಾಡುವುದನ್ನು ಕಲಿತ ಕೈ, ಮಾಲಕರ ತೂಕಕ್ಕೂ ಅದೇ ಮಾಡುತ್ತದೆ.

ಉಡುಗೊರೆ ವಿಷಯ. ದೀಪಾವಳಿಗೆ ಅಡತಿ ಅಂಗಡಿಯಿಂದ ಒಂದು ಮಿಠಾಯಿ ಡಬ್ಬಿ ಬಂದರೆ ಬರಲಿ, ಎಲ್ಲರೂ ಹಂಚಿಕೊಂಡು ತಿನ್ನಿ. ಖರೀದಿ ಮಾಡುವವರಿಗೆ ಮಾತ್ರ ಮನೆಗೆ ಬಂದ ಫ್ರಿಜ್ಜು, ಕ್ವಿಂಟಾಲಿಗೆ ಇಷ್ಟು ಅಂತ ಒಳಗಿನ ಕಮಿಷನ್ನು, ಇವು ಮಿಠಾಯಿ ಅಲ್ಲ. ನಿಯಮ ಹೀಗಿರಲಿ: ಯಾರಿಗೆ ಏನೇ ಬಂದರೂ ಆಫೀಸಿನ ಮೇಜಿಗೆ ಬರಬೇಕು, ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಬೇಕು. ಅಚ್ಚರಿ ಅಂದರೆ, ಬರೆಯಬೇಕು ಅಂದ ಕೂಡಲೇ ದೊಡ್ಡ ಉಡುಗೊರೆ ಕೊಡುವವರು ತಾವೇ ನಿಲ್ಲಿಸುತ್ತಾರೆ.

ಇನ್ನು ಕುಡಿಯುವ ನೀರು, ಚಹಾ ಕಪ್ಪು, ಊಟದ ಜಾಗ. ಒಂದೇ ಕೊಡ, ಒಂದೇ ಥರದ ಕಪ್ಪು, ಒಂದೇ ನೆರಳು. ಯಾರಿಗಾದರೂ ಬೇರೆ ಲೋಟ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ.

ಹೆಣ್ಣುಮಕ್ಕಳು ಕೆಲಸ ಮಾಡುವ ಜಾಗ ಅಂದ ಮೇಲೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಗೊತ್ತಿರಲೇಬೇಕು. ಹತ್ತು ಅಥವಾ ಹೆಚ್ಚು ಜನ ಇದ್ದರೆ ಒಳಗೇ ಒಂದು ಸಮಿತಿ ಮಾಡಬೇಕು. ಅದಕ್ಕೆ ಹಿರಿಯ ಮಹಿಳಾ ಉದ್ಯೋಗಿಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನ ಒಬ್ಬರು. ಹತ್ತಕ್ಕಿಂತ ಕಮ್ಮಿ ಇದ್ದರೆ, ಅಥವಾ ದೂರು ಮಾಲಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು ಮೂರು ತಿಂಗಳ ಅವಧಿ, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಕಾಳು ಆರಿಸಲು ಬರುವ ದಿನಗೂಲಿಯವರಿಗೂ ಈ ಕಾಯ್ದೆ ಅನ್ವಯ. "ಅವ್ರು ನಮ್ಮ ಪರ್ಮನೆಂಟ್ ಅಲ್ಲ" ಅಂತ ಜಾರಿಕೊಳ್ಳಲು ಬರುವುದಿಲ್ಲ.

ತಪ್ಪು ಕಂಡದ್ದನ್ನು ಬಂದು ಹೇಳಿದವನ ಹೆಸರು ಹೊರಗೆ ಬಿಡಬೇಡಿ. ಒಂದು ಸಲ ಬಿಟ್ಟರೆ ಆಮೇಲೆ ನಿಮಗೆ ಯಾರೂ ಏನೂ ಹೇಳುವುದಿಲ್ಲ.

ಪಗಾರ, ರಜೆ, ಬಿಸಿಲು

ಪಗಾರ ಮುಂದಿನ ತಿಂಗಳ 7ರೊಳಗೆ ಕೈಗೆ ಬರಬೇಕು. ಕಾನೂನೂ ಅದನ್ನೇ ಹೇಳುತ್ತದೆ. ವಸೂಲಿ ಬಂದಿಲ್ಲ ಅನ್ನುವುದು ನಿಮ್ಮ ಕಷ್ಟ, ಅವರದಲ್ಲ. ಹತ್ತು ಜನ ಆದರೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಬರುತ್ತದೆ. 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಅವರ ಪಾಲು 0.75%, ನಿಮ್ಮ ಪಾಲು 3.25%. ಇದನ್ನು ತಪ್ಪಿಸುವುದು ಹೇಗೆ ಅಂತ ನನ್ನ ಹತ್ತಿರ ಕೇಳುವವರು ಬಹಳ. ನಾನು ಹೇಳುವುದು ಒಂದೇ, ಸೇಡಂ ರಸ್ತೆಯಲ್ಲಿ ಅಷ್ಟು ದೊಡ್ಡ ಇಎಸ್‌ಐ ಆಸ್ಪತ್ರೆ ಇದೆ, ನಿಮ್ಮ ಹಮಾಲನ ಬೆನ್ನು ಮುರಿದ ದಿನ ಖಾಸಗಿ ಆಸ್ಪತ್ರೆಯ ಬಿಲ್ ಯಾರು ಕಟ್ಟುತ್ತಾರೆ? ಇಪ್ಪತ್ತು ಜನ ಆದರೆ ಪಿಎಫ್, ಎರಡೂ ಕಡೆಯಿಂದ 12%. ಹತ್ತೊಂಬತ್ತಕ್ಕೇ ನಿಲ್ಲಿಸಿ ಇಪ್ಪತ್ತನೆಯವನನ್ನು ಪುಸ್ತಕದ ಹೊರಗೆ ಇಡುವುದು ಜಾಣತನ ಅನ್ನಿಸಬಹುದು, ಅವನಿಗೆ ಏನಾದರೂ ಆದ ದಿನ ಅದರ ಬೆಲೆ ಗೊತ್ತಾಗುತ್ತದೆ. ಕೆಲಸಕ್ಕೆ ಸೇರುವಾಗಲೇ ಒಂದು ಪುಟದ ನೇಮಕ ಪತ್ರ ಕೊಡಿ, ಕನ್ನಡದಲ್ಲಿ. ಕೆಲಸ ಏನು, ಯಾರ ಕೆಳಗೆ, ಪಗಾರ ಎಷ್ಟು, ವಾರದ ರಜೆ ಯಾವತ್ತು. ಅಷ್ಟು ಸಾಕು.

ಮುಂಗಡ ರೊಕ್ಕದ ಬಗ್ಗೆ ಹುಷಾರು. ಮಗಳ ಮದುವೆಗೆ ಅಂತ ಕೊಡುವುದು ತಪ್ಪಲ್ಲ. ಆದರೆ ತೀರುವವರೆಗೆ ಕೆಲಸ ಬಿಡಬಾರದು ಅಂತ ಕಟ್ಟಿಹಾಕಿದರೆ ಅದು ಜೀತ. ಎಷ್ಟು ಕೊಟ್ಟಿದ್ದು, ತಿಂಗಳಿಗೆ ಎಷ್ಟು ಹಿಡಿಯುವುದು ಅಂತ ಇಬ್ಬರ ಸಹಿಯಲ್ಲಿ ಬರೆದು ಒಂದು ಪ್ರತಿ ಅವನಿಗೆ ಕೊಡಿ.

ರಜೆಯ ವಿಷಯದಲ್ಲಿ ನಮ್ಮ ಸೀಮೆ ಬೇರೆಯೇ. ಬೆಂಗಳೂರಿನ ಕ್ಯಾಲೆಂಡರ್ ಇಟ್ಟುಕೊಂಡು ಇಲ್ಲಿ ಮಿಲ್ಲು ನಡೆಸಲು ಆಗುವುದಿಲ್ಲ. ಹೊಸ ತೊಗರಿ ಗಂಜ್‌ಗೆ ಬರಲು ಶುರುವಾಗುವ ಹೊತ್ತಿಗೇ, ಡಿಸೆಂಬರ್ ಕೊನೆಯಲ್ಲೋ ಜನವರಿಯಲ್ಲೋ, ಎಳ್ಳ ಅಮಾವಾಸ್ಯೆ ಬರುತ್ತದೆ. ಅವತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಣ್ಣದೆ ಮಿಲ್ಲಿಗೆ ಬರುವವರು ಯಾರೂ ಇಲ್ಲ. ನೀವು ಬೈದರೂ ಬರುವುದಿಲ್ಲ, ಮತ್ತೆ ನೀವೂ ಹೋಗಿರುತ್ತೀರಿ. ಮತ್ಯಾಕೆ ಅವತ್ತೇ ಲೋಡ್ ಒಪ್ಪಿಕೊಳ್ಳುವುದು? ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ, ಆಮೇಲೆ ಯುಗಾದಿ, ರಂಜಾನ್, ಬಂದೇನವಾಜರ ಉರುಸು, ಮೊಹರಂ. ವರ್ಷದ ಶುರುವಿನಲ್ಲೇ ಎಲ್ಲರನ್ನೂ ಕೂರಿಸಿಕೊಂಡು ಯಾರಿಗೆ ಯಾವುದು ಬೇಕು ಅಂತ ಗುರುತು ಹಾಕಿ. ಉರುಸಿಗೆ ರಜೆ ತಗೊಂಡವನು ಜಾತ್ರೆಗೆ ಪಾಳಿ ನೋಡಿಕೊಳ್ಳುತ್ತಾನೆ, ಜಾತ್ರೆಗೆ ಹೋದವನು ಉರುಸಿಗೆ. ನಮ್ಮ ಊರಿನಲ್ಲಿ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಕೇಳಿದರೆ ತಾವೇ ಹೊಂದಿಸಿಕೊಳ್ಳುತ್ತಾರೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೇ ಹಾಗಿದ್ದರೆ ತಗಡಿನ ಶೆಡ್ಡಿನ ಕೆಳಗೆ ಚೀಲ ಹೊರುವವರಿಗೆ? ಲೋಡಿಂಗ್ ಬೆಳಿಗ್ಗೆ 6ಕ್ಕೆ ಶುರು ಮಾಡಿ 11ಕ್ಕೆ ನಿಲ್ಲಿಸಿ, ಉಳಿದದ್ದು ಸಂಜೆ 5ರ ಮೇಲೆ. ಮಜ್ಜಿಗೆಗೆ ಆಗುವ ಖರ್ಚನ್ನು ನಾನಂತೂ ಯಾವ ಲೆಕ್ಕದಲ್ಲೂ ಪ್ರಶ್ನೆ ಮಾಡುವುದಿಲ್ಲ.

ಬಿಟ್ಟು ಹೋಗುವವರನ್ನು ಕಳಿಸುವ ರೀತಿ

ಒಳ್ಳೆಯ ಫೋರ್‌ಮನ್ ಒಂದಲ್ಲ ಒಂದು ದಿನ ಪಕ್ಕದ ಮಿಲ್ಲಿಗೆ ಹೋಗುತ್ತಾನೆ, ಇಲ್ಲವೇ ಪುಣೆಗೋ ಹೈದರಾಬಾದಿಗೋ. ಅವನ ಕೊನೆಯ ಪಗಾರ ಹಿಡಿದಿಟ್ಟುಕೊಂಡು ಆಟ ಆಡಿಸುವುದು ನಮ್ಮ ಕಡೆ ಬಹಳ ನಡೆಯುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ವೇತನ ಸಂಹಿತೆ ಪ್ರಕಾರ, ಕೆಲಸ ಬಿಟ್ಟರೂ ನೀವೇ ತೆಗೆದರೂ ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಐದು ವರ್ಷ ಪೂರೈಸಿದ್ದರೆ ಗ್ರಾಚುಯಿಟಿಯ ಲೆಕ್ಕ ಬೇರೆ, ಪ್ರತಿ ವರ್ಷಕ್ಕೆ 15 ದಿನದ ಪಗಾರ.

ಹೋಗುವ ಮೊದಲು ಅವನ ಕೆಲಸ ಕಲಿಯಲು ಒಬ್ಬ ಹುಡುಗನನ್ನು ಒಂದು ವಾರ ಅವನ ಜೊತೆ ಬಿಡಿ. ಮಷಿನ್ ಯಾವ ಸದ್ದು ಮಾಡಿದರೆ ರೋಲರ್ ಸವೆದಿದೆ, ಯಾವ ಗಿರಾಕಿ ಯಾವ ಗ್ರೇಡು ಕೇಳುತ್ತಾರೆ, ಇವು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಗೋದಾಮಿನ ಕೀಲಿ, ಕಾಟಾ ಕೋಣೆಯ ಕೀಲಿ, ಕಂಪನಿ ಸಿಮ್ಮು ವಾಪಸ್ ತಗೊಂಡು ಸಹಿ ಹಾಕಿಸಿಕೊಳ್ಳಿ. ಅವನಿಗೆ ಗೊತ್ತಿದ್ದ ಪಾಸ್‌ವರ್ಡುಗಳನ್ನು ಅಂದೇ ಬದಲಾಯಿಸಿ, ವಾಟ್ಸಾಪ್ ಗ್ರೂಪಿನಿಂದ ಹೇಳಿ ತೆಗೆಯಿರಿ, ಹೇಳದೆ ಅಲ್ಲ. ಕೆಲಸ ಮಾಡಿದ ಪತ್ರ ಕೇಳುವ ಮೊದಲೇ ಬರೆದು ಕೊಡಿ. ಮೊದಲು ಬರೆದ ಆ ಹಾಳೆಯಲ್ಲಿ ಅವನ ಹೆಸರಿದ್ದ ಕಡೆಯೆಲ್ಲಾ ಯಾರ ಹೆಸರು ಬರುತ್ತದೆ ಅಂತ ಅದೇ ದಿನ ಬರೆದು, ಎಲ್ಲರಿಗೂ ಕಾಣುವ ಹಾಗೆ ಕಾಟಾ ಕೋಣೆಯ ಬಾಗಿಲಿಗೆ ಅಂಟಿಸಿ.